ಕಾಂಟ್ರಾ ಗಡಿ ವಿವಾದ

ಬೆಳಗಾವಿಗೆ ಇರುವ ಒಂದು ಗಡಿ ತಕರಾರು ಸಾಲದು ಅಂತ ಈಗ ಇನ್ನೊಂದು ಹುಟ್ಟಿದೆ. ಟಿಳಕವಾಡಿಯ ಒಂದು ಸಭಾಭವನದಲ್ಲಿ ನಲವತ್ತು ದಾಟಿದ, ಹೊಟ್ಟೆ ಬಂದ, ಬಿಪಿ ಗುಳಿಗೆ ನುಂಗುವ ಗಂಡಸರೆಲ್ಲ ಸೇರಿ, ಹಳೆಯ ವಿಡಿಯೋ ಗೇಮುಗಳಲ್ಲಿ ಯಾವ ಜಾತಿಯ ಪರಂಪರೆ ದೊಡ್ಡದು ಎಂದು ವಿಚಾರ ಸಂಕಿರಣ ಇಟ್ಟಿದ್ದರು. ಜಾತಿ ಅನ್ನಬಾರದು, ಪ್ರಕಾರ ಅನ್ನಬೇಕು, ಗೊತ್ತು. ಎರಡು ತಾಸು ಅಲ್ಲಿ ಕೂತು ಕೇಳಿದವರ ಬಾಯಿಗೆ ಬೇರೆ ಪದ ಬರುವುದಿಲ್ಲ.

ಗುಂಡು ಹಾರಿಸುವ ಆಟದವರು ಎಡಕ್ಕೆ, ಜಿಗಿಯುವ ಆಟದವರು ಬಲಕ್ಕೆ, ಗುದ್ದಾಡುವ ಆಟದವರು ಊಟದ ಕೋಣೆಗೆ ಹತ್ತಿರ. ಮುಖ್ಯ ಅತಿಥಿಗಳು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದರಿಂದ ಹತ್ತರ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಬಂದವರಿಗೆ ಶಾಲು, ಹಾರ, ಅರ್ಧ ಕಿಲೋ ಕುಂದಾ. ಅವರು ಹುಟ್ಟಿದಾಗಿನಿಂದ ಒಂದು ಗೇಮೂ ಆಡಿದವರಲ್ಲ. ಚಿಣಿಫಣಿಯ ಮಹತ್ವ ಕುರಿತು ಅರ್ಧ ತಾಸು ಮಾತಾಡಿ, ಕುಂದಾ ಎತ್ತಿಕೊಂಡು ಹೋದರು.

ಮೊದಲು ಎದ್ದವರು ಗುಂಡಿನ ಪಕ್ಷದವರು. "1978ರ ಸ್ಪೇಸ್ ಇನ್ವೇಡರ್ಸ್ ನಮ್ಮ ಹಲ್ಮಿಡಿ ಶಾಸನ ಇದ್ದಂಗ್ರಿ. ಕನ್ನಡಕ್ಕ 2008ರಾಗ ಶಾಸ್ತ್ರೀಯ ಸ್ಥಾನಮಾನ ಸಿಕ್ಕತಿ, ಮರಾಠಿಗೆ 2024ರಾಗ ಸಿಕ್ಕತಿ. ಈಗ ಬಾಕಿ ಇರೂದು ನಮ್ಮದು!" ಚಪ್ಪಾಳೆ ಬಿತ್ತು. ಆ ಆಟ ಮಾಡಿದ ಜಪಾನಿನ ನಿಶಿಕಾಡೊ ಅವರ ಯಂತ್ರ ಬಹಳ ಬಡಪಾಯಿ. ಪರದೆ ತುಂಬ ಶತ್ರುಗಳಿದ್ದಾಗ ತೆವಳುತ್ತಿತ್ತು, ಒಬ್ಬೊಬ್ಬರೇ ಸತ್ತಂತೆ ಹೊರೆ ಇಳಿದು ಉಳಿದವರು ಓಡಲು ಶುರುಮಾಡುತ್ತಿದ್ದರು. ಅವರು ಅದನ್ನು ಹಾಗೇ ಬಿಟ್ಟರು, ಆಟಕ್ಕೆ ಅದೇ ರುಚಿಯಾಯಿತು. ಈ ಸಂಗತಿಯನ್ನು ಭಾಷಣಕಾರರು ಹೇಳಲಿಲ್ಲ, ಮಾಡಿ ತೋರಿಸಿದರು: ಬದನೆಕಾಯಿ ಎಣ್ಣೆಗಾಯಿ ವಾಸನೆಗೆ ಕುರ್ಚಿಗಳು ಖಾಲಿಯಾದಂತೆಲ್ಲ ಅವರ ಮಾತಿನ ವೇಗ ಏರುತ್ತಲೇ ಹೋಯಿತು.

ಜಿಗಿಯುವವರ ಪರವಾಗಿ ಟ್ಯೂಷನ್ ಸರ್ ಎದ್ದರು. "ವಯಸ್ಸಾದ್ರ ದೊಡ್ಡವರಾದ್ರಿ ಅಂತೇನ್ರಿ? 1981ರ ಡಾಂಕಿ ಕಾಂಗ್‌ನಾಗ ಮಾರಿಯೋಗ ಆ ಹೆಸರ ಇರಲಿಲ್ಲ, ಜಂಪ್‌ಮ್ಯಾನ್ ಅಂತಿದ್ರು. ಹೆಸರಿನಾಗ ಜಿಗಿತ ಐತಿ!" 1985ರ ಸೂಪರ್ ಮಾರಿಯೋದಲ್ಲಿ ಜಾಗ ಉಳಿಸಲು ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದನ್ನೂ ಅಭಿಮಾನದಿಂದ ಹೇಳಿದರು. ಇದರಲ್ಲಿ ನಮಗೇನೂ ಹೊಸತಿಲ್ಲ. ಪಕ್ಷ ಬದಲಿಸಿದ ನಾಯಕರ ಫ್ಲೆಕ್ಸ್‌ಗಳನ್ನು ಚೆನ್ನಮ್ಮ ವೃತ್ತದಲ್ಲಿ ನೋಡಿದ್ದೇವೆ: ಅದೇ ಮುಖ, ಅದೇ ಕೈಮುಗಿತ, ಹಿಂದಿನ ಬಣ್ಣವಷ್ಟೇ ಬೇರೆ.

ಗುದ್ದಾಟದವರದು ಒಂದೇ ಮಾತು: ಮುಸ್ತಾಫಾ. 1993ರಲ್ಲಿ ಕ್ಯಾಪ್‌ಕಾಮ್ ಕಂಪನಿ ಬಿಟ್ಟ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅದು. ಆಯ್ದುಕೊಳ್ಳಲು ನಾಲ್ಕು ಪಾತ್ರಗಳು, ಅವರಲ್ಲಿ ಒಬ್ಬ ಮುಸ್ತಾಫಾ. ನಮ್ಮ ಓಣಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಆ ಒಬ್ಬನ ಹೆಸರೇ ಇಡೀ ಆಟದ ಹೆಸರಾಯಿತು. ನಿಜವಾದ ಹೆಸರೇನು ಅಂತ ಸಭೆಯಲ್ಲಿ ಯಾರೋ ಕೇಳಿದ್ದಕ್ಕೆ ಪರಂಪರೆಗೆ ಅವಮಾನ ಅಂತ ಗದ್ದಲವೆದ್ದಿತು.

ಇಷ್ಟಾದರೂ ಸಭೆ ಸುಸೂತ್ರವಾಗಿ ಮುಗಿದು ಎಲ್ಲರೂ ಎಣ್ಣೆಗಾಯಿಗೆ ನಡೆಯುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೇಳಿಬಿಟ್ಟ: "ಹಂಗಾದ್ರ ಕಾಂಟ್ರಾ ಯಾರದು?"

ಕಾಂಟ್ರಾ, 1987, ಕೊನಾಮಿ ಕಂಪನಿಯದು. ನಮ್ಮ ಮನೆಗಳಿಗೆ ಅದು ಬಂದದ್ದು 99 ಲಕ್ಷ ಚಿಲ್ಲರೆ ಗೇಮ್ ಇವೆ ಅಂತ ಮೇಲೆ ಬರೆದು, ಒಳಗೆ ಐದಾರನ್ನೇ ತಿರುಗಿಸಿ ತಿರುಗಿಸಿ ಇಟ್ಟ ಹಳದಿ ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಗುಂಡೂ ಉಂಟು, ಜಿಗಿತವೂ ಉಂಟು. ಅಂದರೆ ಎರಡೂ ಕಡೆಯ ಜನ ಕೂಡಿ ಬಾಳುವ ಗಡಿಭಾಗ.

"ಅದರಾಗ ಬಂದೂಕಿಲ್ಲದ ಒಂದು ಸ್ಟೇಜ್ ತೋರಸ್ರಿ!"

"ಮೂರನೇ ಸ್ಟೇಜ್ ಜಲಪಾತ ಐತಲ್ರಿ, ಗುಂಡ ಹೊಡಕೋತ ಗೋಕಾಕ ಫಾಲ್ಸ್ ಏರಾಕ ಆಗತೈತೇನ್ರಿ? ಜಿಗೀಬೇಕು!"

ಆ ಜಲಪಾತದ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಇಬ್ಬರು ಆಡುವಾಗ ಮುಂದಿನವನು ಸರಸರ ಏರಿದರೆ ಪರದೆಯೂ ಅವನ ಸಂಗಡ ಏರಿ, ಕೆಳಗಿದ್ದವನು ಸುಮ್ಮಸುಮ್ಮನೆ ಸಾಯುತ್ತಾನೆ. ನಮ್ಮ ಕಾಕಾನ ಮಗ ಯಾವಾಗಲೂ ಮುಂದೆ. "ಲಗೂನ ಬಾರಲೇ" ಅನ್ನುತ್ತಿದ್ದ, ನಿಲ್ಲುತ್ತಿರಲಿಲ್ಲ. ನನ್ನ 30 ಜೀವಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಹೋಗಿವೆ. ಅವನು ಈಗ ಸರ್ಕಾರಿ ಗುತ್ತಿಗೆದಾರ, ಇನ್ನೂ ಮುಂದೆಯೇ ಇದ್ದಾನೆ.

30 ಜೀವ ಅಂದದ್ದೇ ತಡ, ಅಷ್ಟು ಜೀವ ಸಿಗಲು ಗುಂಡಿಗಳನ್ನು ಒತ್ತುವ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂಬ ಆ ಮಂತ್ರಕ್ಕೂ ಜಗಳ. ಅದು ಮೊದಲು ಬಂದದ್ದು 1986ರ ಗ್ರೇಡಿಯಸ್‌ನಲ್ಲಿ. ಆಟವನ್ನು ಪರೀಕ್ಷಿಸಬೇಕಿದ್ದ ಹಾಶಿಮೊಟೊ ಅವರಿಗೇ ಅದು ಕಷ್ಟವಾಗಿ, ತಮಗಾಗಿ ತೆರೆದುಕೊಂಡ ಕಳ್ಳದಾರಿ. ಗ್ರೇಡಿಯಸ್ ಗುಂಡಿನ ಆಟ, ಹಾಗಾಗಿ ಮಂತ್ರ ನಮ್ಮದು ಅಂತ ಎಡಗಡೆಯವರು. ಕಳ್ಳದಾರಿಯ ಹಕ್ಕಿಗೆ ಇಷ್ಟು ಬಹಿರಂಗವಾಗಿ ಬಡಿದಾಡಿದ್ದನ್ನು ಈ ಊರು ಕೂಡ ಕಂಡಿರಲಿಲ್ಲ.

ಕೊನೆಗೆ ನಿವೃತ್ತ ಸರ್ವೇಯರ್ ಒಬ್ಬರ ಏಕಸದಸ್ಯ ಆಯೋಗ ನೇಮಕವಾಯಿತು. ವಿಚಾರಣೆ ಎಲ್ಲಿ? "ಅಧಿವೇಶನ ಮುಗದ ಮ್ಯಾಲೆ ಸುವರ್ಣ ವಿಧಾನಸೌಧ ಖಾಲಿನ ಇರತೈತಲ್ರಿ" ಎಂಬ ಸಲಹೆ ಬಂತು. ಕೊನೆಗೆ ಚಹಾದಂಗಡಿಯ ಹಿಂದಿನ ಬಾಕಿನ ಮೇಲೆ ನಡೆಯಿತು. ಎಂಟು ಸ್ಟೇಜ್ ಅಳೆದು ಸರ್ವೇಯರ್ ವರದಿ ಕೊಟ್ಟರು: ಕೋಟೆಯೊಳಗಿನ ಎರಡನೇ, ನಾಲ್ಕನೇ ಸ್ಟೇಜು ಗುಂಡಿನವರಿಗೆ, ಜಲಪಾತ ಜಿಗಿಯುವವರಿಗೆ, ಉಳಿದ ಐದು ಜಂಟಿ. 264 ಹಳ್ಳಿ ಅತ್ತ, 247 ಹಳ್ಳಿ ಇತ್ತ ಅಂತ ಲೆಕ್ಕ ಹಾಕಿದ ಮಹಾಜನ್ ವರದಿ 1967ರಿಂದ ಏನಾಗಿದೆಯೋ ಈ ವರದಿಗೂ ಅದೇ ಆಯಿತು. ಸ್ಟೇಜನ್ನಲ್ಲ, ಒಂದೊಂದು ಪರದೆಯನ್ನು ಘಟಕವಾಗಿ ಹಿಡಿಯಬೇಕು ಅಂತ ಒಬ್ಬರು. ಇಡೀ ಕ್ಯಾಸೆಟ್ಟೇ ಒಂದು ಘಟಕ ಅಂತ ಇನ್ನೊಬ್ಬರು. ಬೇಕಾದರೆ ಸುಪ್ರೀಂ ಕೋರ್ಟಿಗೂ ಹೋಗುತ್ತೇವೆ, ಅಲ್ಲಿ ಮಹಾರಾಷ್ಟ್ರ ಹೂಡಿದ 2004ರ ಗಡಿ ದಾವೆಯ ಪಕ್ಕದಲ್ಲಿ ಜಾಗ ಸಿಕ್ಕೀತು ಅಂದರು. ಮುಸ್ತಾಫಾದವರು ಯಾವ ಕಡೆಗೂ ಸೇರದೆ, ಕಾಂಟ್ರಾವನ್ನು ಕೇಂದ್ರಾಡಳಿತ ಪ್ರದೇಶ ಮಾಡಿ ಅಂತ ಮನವಿ ಕೊಟ್ಟರು.

ಇದೆಲ್ಲ ಕೇಳಿ ಕೇಳಿ ಸಾಕಾದ ಚಹಾದಂಗಡಿ ಕಾಕಾ ಒಳಗಿಂದ ಮಗನ ಹಳೇ ರಿಮೋಟ್ ತಂದು ಬಾಕಿನ ಮೇಲೆ ಕುಕ್ಕಿದರು. "ಎ ಒತ್ತಿದ್ರ ಜಿಗೀತೈತಿ, ಅದು ನಿಮ್ಮದು. ಬಿ ಒತ್ತಿದ್ರ ಗುಂಡ ಹಾರತೈತಿ, ಅದು ನಿಮ್ಮದು. ಮುಗೀತಿಲ್ಲೋ? ಚಾದ ರೊಕ್ಕ ಕೊಟ್ಟು ನಡೀರಿ."

ಎರಡೂ ಪಕ್ಷದವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಟ್ಯೂಷನ್ ಸರ್ ಕನ್ನಡಕ ಏರಿಸಿಕೊಂಡು, ಎಡ ಬಲ ಮೇಲೆ ಕೆಳಗೆ ಹೋಗುವ ಆ ಕೂಡಿಸಿದ ಗುಂಡಿ ಯಾರ ಪಾಲಿಗೆ ಅಂತ ಕೇಳಿದರು. ಅದೀಗ ಉಪಸಮಿತಿಯ ಮುಂದಿದೆ. ಸೆಲೆಕ್ಟ್ ಗುಂಡಿಗೆ ಇಬ್ಬರೂ ತಕರಾರು ಅರ್ಜಿ ಹಾಕಿದ್ದಾರೆ. ಸ್ಟಾರ್ಟ್ ಗುಂಡಿಯನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.