ಪ್ರಯೋಗಕ್ಕೆ ಸೇರುವವರನ್ನು ಬಲಿಪಶು ಎನ್ನಬೇಡಿ

ಗಾಂಜಾ ಚಟ ಬಿಡಿಸುವ ಔಷಧಿಯ ಪ್ರಯೋಗಕ್ಕೆ ಸೇರುವವರನ್ನು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ‘ಬಲಿಪಶುಗಳು’ ಎಂದಿರುವುದು ನನಗೆ ನೋವು ತಂದಿದೆ. ನನ್ನ ತಮ್ಮ ಅಂಥದೊಂದು ಪ್ರಯೋಗದಲ್ಲಿದ್ದವನು.

ನಮ್ಮದು ಗೋಣಿಕೊಪ್ಪದ ಹತ್ತಿರದ ಕಾಫಿ ತೋಟ. ಪ್ರಯೋಗಕ್ಕೆ ಸೇರುವ ಮೊದಲು ತಮ್ಮ ತಾನಾಗಿಯೇ ಗಾಂಜಾ ಬಿಡಲು ಹೋದಾಗ ಒಂದು ವಾರ ರಾತ್ರಿಯಿಡೀ ಜಗಲಿಯಲ್ಲಿ ಅಡ್ಡಾಡಿದ. ಹೊರಗೆ ಜಡಿಮಳೆ, ಚಳಿ. ಅವನ ಬನಿಯನ್ ಮಾತ್ರ ಬೆವರಿನಿಂದ ತೊಯ್ದಿರುತ್ತಿತ್ತು. ಅಮ್ಮ ಬಡಿಸಿದ ಕಡಂಬಿಟ್ಟು ತಟ್ಟೆಯಲ್ಲೇ ಆರುತ್ತಿತ್ತು. ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಎನ್ನುವವರು ಅದನ್ನು ನೋಡಬೇಕಿತ್ತು. ಕುಡಿತಕ್ಕೆ, ಸಿಗರೇಟಿಗೆ ಔಷಧಿಗಳಿವೆ. ಗಾಂಜಾ ಚಟಕ್ಕೆಂದೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಒಂದನ್ನೂ ಅನುಮೋದಿಸಿಲ್ಲ. ಆಪ್ತಸಮಾಲೋಚನೆಯೇ ಈಗಿನ ಮುಖ್ಯ ಚಿಕಿತ್ಸೆ. ಪ್ರಯೋಗ ನಡೆಯದೆ ಔಷಧಿ ಎಲ್ಲಿಂದ ಬರಬೇಕು?

ಸಹಿಗೆ ಮುನ್ನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದರು. ಯಾವಾಗ ಬೇಕಾದರೂ ಹೊರಬರಬಹುದು. ಕೊಟ್ಟಿದ್ದು ನಿಜವಾದ ಔಷಧಿಯೋ ಔಷಧಿಯಿಲ್ಲದ ಬರೀ ಗುಳಿಗೆಯೋ ಎಂಬುದು ನೋಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ಪ್ರತಿ ಭೇಟಿಯಲ್ಲೂ ಮೂತ್ರ ಪರೀಕ್ಷೆ, ಉಳಿದ ಗುಳಿಗೆಗಳ ಎಣಿಕೆ. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕೆಂದು ಔಷಧಿ ಪ್ರಯೋಗಗಳ ಬಗೆಗಿನ ಕೇಂದ್ರ ಸರ್ಕಾರದ 2019ರ ನಿಯಮಗಳು ಹೇಳುತ್ತವೆ. ಸೇರುವವರು ದೇಶದ ಔಷಧಿ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆಯನ್ನು ತಪ್ಪದೆ ಕೇಳಿ ಪಡೆಯಿರಿ.

ನಮಗೆ ಕಷ್ಟವಾದದ್ದು ದೂರ. ಪ್ರತಿ ಭೇಟಿಗೂ ಬೆಂಗಳೂರಿಗೆ ರಾತ್ರಿ ಬಸ್ಸು, ಮರುದಿನ ವಾಪಸ್. ಕಾಫಿ ಕೊಯ್ಲಿನ ಸಮಯದಲ್ಲಿ ಎರಡು ಭೇಟಿ ತಪ್ಪಿಹೋದವು. ಮಡಿಕೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇಂಥ ಭೇಟಿಗಳಿಗೆ ಅಲ್ಲಿಯೇ ವ್ಯವಸ್ಥೆ ಮಾಡಿದರೆ ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಅರ್ಧದಲ್ಲಿ ಬಿಡದೆ ಕೊನೆಯವರೆಗೆ ಉಳಿಯುತ್ತಾರೆ.