ಮಧ್ಯಾಹ್ನ ಹೊರಟು ಸಂಜೆಗೆ ಸ್ಯಾನ್ ಫ್ರಾನ್ಸಿಸ್ಕೊ

ನಮ್ಮಲ್ಲಿ ದೂರ ಕೇಳಿದರೆ ಉತ್ತರ ಬರುವುದು ಗಂಟೆಯಲ್ಲಿ. ‘ಮೈಸೂರು ಎಷ್ಟು ದೂರ?’ ‘ಮೂರು ಗಂಟೆ. ಮದ್ದೂರಲ್ಲಿ ವಡೆಗೆ ನಿಲ್ಲಿಸಿದರೆ ಮೂರೂವರೆ.’ ಈ ಲೆಕ್ಕ ಕೈಕೊಡುವುದು ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ಟಿಕೆಟ್ ಮುಂದೆ. ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು ಎಲ್ಲೂ ನಿಲ್ಲದೆ 16 ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ಶನಿವಾರ ಸಂಜೆ 5! ಟಿಕೆಟನ್ನೇ ನಂಬಿದರೆ ಅಮೆರಿಕ ಮೈಸೂರಿಗಿಂತ ಹತ್ತಿರ. ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಅಷ್ಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ.

ದೂರ ನೋಡಬೇಕೆಂದರೆ ಗೋಡೆಯ ನಕ್ಷೆ ಬೇಡ, ಗೋಳ ಬೇಕು. 30 ಸೆಂ.ಮೀ. ವ್ಯಾಸದ ಗೋಳದ ಮೇಲೆ ಎರಡೂ ಊರುಗಳಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್‌ನ ನಡುವಿನಿಂದ ಹೋಗುವುದೇ ಇಲ್ಲ. ಛತ್ತೀಸ್‌ಗಢ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ಹಾದು ಉತ್ತರಕ್ಕೆ ಏರಿ ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅಳೆದರೆ ಸುಮಾರು 33 ಸೆಂ.ಮೀ., ಅಂದರೆ 14,000 ಕಿ.ಮೀ. ಗಂಟೆಗೆ 900ರಂತೆ ಭಾಗಿಸಿ, ಏರಿ ಇಳಿಯಲು, ರನ್‌ವೇವರೆಗೆ ತೆವಳಲು ಅರ್ಧ ಮುಕ್ಕಾಲು ಗಂಟೆ ಕೂಡಿಸಿದರೆ 16 ಬಂತು.

ಆದರೆ ದಾರದ ದಾರಿಯಲ್ಲೇ ವಿಮಾನ ಹೋಗುವುದಿಲ್ಲ. ಟಿಬೆಟ್‌ನ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಮೂರು ಸಾವಿರ ಮೀಟರ್‌ಗೆ ಇಳಿಯಬೇಕು. ಅಲ್ಲಿ ಇಳಿಯಲು ಜಾಗವೆಲ್ಲಿ? ತಲೆಯ ಮೇಲಿಂದ ಬೀಳುವ ಮಾಸ್ಕ್‌ನ ಆಮ್ಲಜನಕ ಸಾಮಾನ್ಯವಾಗಿ ಬರುವುದು ಹದಿನೈದು ನಿಮಿಷದ ಆಸುಪಾಸು.

ಮತ್ತೆ ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಗೆ ಬೆನ್ನು ಕೊಟ್ಟವರಿಗೆ ಲಾಭ. ಏರ್ ಇಂಡಿಯಾ 2016ರಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, ಸಮಯ ಎರಡು ಗಂಟೆಯಷ್ಟು ಉಳಿಯಿತು. ಸುತ್ತುದಾರಿಯೇ ಹತ್ತಿರ ಅನ್ನುವ ಆಟೋದವರ ಮಾತು ಆಕಾಶದಲ್ಲಾದರೂ ಒಮ್ಮೊಮ್ಮೆ ನಿಜ.

ಬೆಂಗಳೂರಿನದೇ ಒಂದು ತಕರಾರೂ ಇದೆ. ನಿಲ್ದಾಣ ಕಡಲಮಟ್ಟದಿಂದ 915 ಮೀಟರ್ ಮೇಲಿದೆ, ಗಾಳಿ ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್‌ಗೂ ಕಸುವು ಕಡಿಮೆ. ಹದಿನಾರು ಗಂಟೆಯ ಇಂಧನ ತುಂಬಿಕೊಂಡ ವಿಮಾನ ಏಳಲು ಭಾರವಾದರೆ ಸರಕನ್ನೋ ಕೆಲವು ಸೀಟುಗಳನ್ನೋ ಬಿಡಬೇಕಾಗುತ್ತದೆ.

ವಾಪಸು ಬರುವಾಗ ಗಡಿಯಾರ ಸೇಡು ತೀರಿಸಿಕೊಳ್ಳುತ್ತದೆ. ಈ ಮಾರ್ಗದ ಮೊದಲ ನೇರ ವಿಮಾನ, ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದದ್ದು, 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಎದ್ದು ಇಲ್ಲಿ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ನಡುವಿನ ಭಾನುವಾರ ಹೆಚ್ಚುಕಡಿಮೆ ಪೂರ್ತಿ ಸೀಟಿನಲ್ಲೇ ಕರಗಿತು. ಇಂಥ ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಇರುವೆಯಷ್ಟು ಸಣ್ಣದಾಗಿ ‘+2’ ಎಂದಿರುತ್ತದೆ. ಅದನ್ನು ನೋಡದ ಭಾವಮೈದುನರು ಒಂದು ದಿನ ಮೊದಲೇ ದೇವನಹಳ್ಳಿಗೆ ಕಾರು ತಂದು ನಿಲ್ಲಿಸುತ್ತಾರೆ. ನೋಡಿದವರಿಗೂ ಇನ್ನೊಂದು ಗುಂಡಿ ಕಾದಿರುತ್ತದೆ: ಸೋಮವಾರ ಬೆಳಗಿನ ನಾಲ್ಕಕ್ಕೆ ಅಂದರೆ ಜಯನಗರದ ಮನೆ ಬಿಡಬೇಕಾದ್ದು ಭಾನುವಾರ ರಾತ್ರಿ ಊಟ ಮುಗಿಸಿ ಒಂದು ನಿದ್ದೆ ತೆಗೆದು, ಸೋಮವಾರ ಬೆಳಗಾದ ಮೇಲೆ ಎದ್ದಲ್ಲ.