ಮಾತ್ರೆಗೂ ಮೊದಲು ಕೇಳಬೇಕಾದ ಪ್ರಶ್ನೆ

ಮರೆವಿನ ಕಾಯಿಲೆ (ಡಿಮೆನ್ಶಿಯಾ) ಇರುವ ಹಿರಿಯರು ಚಡಪಡಿಸಿದಾಗ, ಕೂಗಾಡಿದಾಗ, ಕೈ ಎತ್ತಿದಾಗ ನಾವು ಮೊದಲು ಏನು ಮಾಡುತ್ತೇವೆ? ಊರಿಂದ ಫೋನ್ ಮಾಡುವವರು ನನ್ನನ್ನು ಕೇಳುವುದು ಒಂದೇ: "ಸುಮ್ನೆ ಮಲಗೋ ಹಾಗೆ ಏನಾದ್ರೂ ಮಾತ್ರೆ ಇದೆಯಾ?" ಹಾಗೆ ಕೇಳುವವರು ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ನಾನಿರುವ ಇಂಗ್ಲೆಂಡಿನಲ್ಲೂ ಮೊದಲು ಹೀಗೇ ಇತ್ತು. 2009ರಲ್ಲಿ ಸುಬೆ ಬ್ಯಾನರ್ಜಿ ಎಂಬ ತಜ್ಞರು ಸರ್ಕಾರಕ್ಕೊಂದು ವರದಿ ಕೊಟ್ಟರು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 1,80,000 ಡಿಮೆನ್ಶಿಯಾ ರೋಗಿಗಳಿಗೆ ಆಂಟಿಸೈಕೋಟಿಕ್ ಮಾತ್ರೆ, ಅಂದರೆ ತೀವ್ರ ಮಾನಸಿಕ ಕಾಯಿಲೆಗಳಿಗೆ ಬಳಸುವ ಔಷಧ, ಕೊಡಲಾಗುತ್ತಿತ್ತು. ಅದರಿಂದ ಅನುಕೂಲ ಆಗುತ್ತಿದ್ದದ್ದು ಸುಮಾರು 36,000 ಜನರಿಗೆ. ಈ ಮಾತ್ರೆಗಳಿಂದ ವರ್ಷಕ್ಕೆ ಹೆಚ್ಚುವರಿ ಸಾವು ಸುಮಾರು 1,800 ಎಂಬ ಅಂದಾಜು ಆ ವರದಿಯಲ್ಲಿತ್ತು. ಈಗ, ಚಿಕಿತ್ಸೆ ಹೇಗಿರಬೇಕೆಂದು ವೈದ್ಯರಿಗೆ ಸಲಹೆ ಕೊಡುವ ಇಲ್ಲಿನ ನೈಸ್ (NICE) ಸಂಸ್ಥೆಯ 2018ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಮೊದಲು ಕಾರಣ ಹುಡುಕಿ, ಔಷಧವಿಲ್ಲದ ದಾರಿ ನೋಡಿ. ತಮಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ, ಅಥವಾ ಸಂಕಟ ವಿಪರೀತವಾಗಿದ್ದರೆ ಮಾತ್ರ ಈ ಮಾತ್ರೆ. ಕೊಟ್ಟರೂ 6 ವಾರಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಬೇಕು.

ಈ ಕ್ರಮವನ್ನು ನಮ್ಮವರು ಕಲಿಯಬೇಕು ಅಂತ ನನ್ನ ಆಸೆ. ಅದಕ್ಕೆ ಬೇಕಾಗಿರುವುದು ಒಂದು ನೋಟ್‌ಬುಕ್. ರೇಗಾಟ ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮುಂಚೆ ಏನಾಗಿತ್ತು, ಯಾರಿದ್ದರು, ಏನು ಮಾಡಿದಾಗ ಕಡಿಮೆಯಾಯಿತು. ಕೆಲವು ದಿನ ಬರೆದರೆ ಸಾಕು, ಎಷ್ಟೋ ಸಲ ಕಾರಣ ತಾನೇ ಕಾಣುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ಬಾಯಾರಿಕೆ, ಕೇಳಿಸದ ಕಿವಿ, ಜೋರು ಟಿವಿ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೋವು. ನಾರ್ವೆಯ 18 ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ನೋವಿಗೆ ಹಂತಹಂತವಾಗಿ ಚಿಕಿತ್ಸೆ ಕೊಟ್ಟರು. 8 ವಾರದಲ್ಲಿ ಚಡಪಡಿಕೆ ಸರಾಸರಿ ಶೇ. 17ರಷ್ಟು ಇಳಿಯಿತು. ಮಂಡಿ ನೋಯುತ್ತಿದೆ ಅಂತ ಹೇಳಲು ಬಾರದವರು ಎಬ್ಬಿಸಲು ಬಂದವರ ಕೈ ತಳ್ಳುತ್ತಾರೆ. ನಾವದನ್ನು ಹಟ ಅಂತೀವಿ.

ಇನ್ನು ಮಾತು. ಕುಟುಂಬದವರು ಪ್ರೀತಿಯಿಂದಲೇ ತಿದ್ದುತ್ತಾರೆ. "ಮನೆಗೆ ಹೋಗಬೇಕು" ಎಂದರೆ "ಇದೇ ಅಲ್ವಾ ನಿಮ್ಮ ಮನೆ" ಅನ್ನುತ್ತಾರೆ. ಅಲ್ಲಿಗೆ ಜಗಳ. ಇಲ್ಲಿ ತರಬೇತಿ ಪಡೆದವರು ತಿದ್ದುವುದಿಲ್ಲ. "ಮನೇಲಿ ಯಾರಿದ್ದಾರೆ? ಹೇಗಿದೆ ಮನೆ?" ಎಂದು ಕೇಳುತ್ತಾರೆ, ಮಾತಾಡುತ್ತಲೇ ಜೊತೆಗೆ ನಾಲ್ಕು ಹೆಜ್ಜೆ ಹಾಕುತ್ತಾರೆ. ಸ್ನಾನಕ್ಕೆ ಒಪ್ಪದಿದ್ದರೆ ಎಳೆದಾಡುವುದಿಲ್ಲ. ಮೈಗೆ ಟವೆಲ್ ಹೊದಿಸಿ, ಚಳಿಯಾಗದಂತೆ, ಹಾಸಿಗೆಯಲ್ಲೇ ಒರೆಸುವ ಪದ್ಧತಿ ಇದೆ. ಅದರಿಂದ ಹೊಡೆದಾಟ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳೇ ತೋರಿಸಿವೆ. ಹರೆಯದಲ್ಲಿ ಕೇಳಿದ ಹಾಡು, ಕೈ ನೀವುವುದು, ಹೊರಗೆ ಸುತ್ತಾಡಿಸುವುದು, ಇವೂ ಕೆಲಸ ಮಾಡುತ್ತವೆ. ಸುವಾಸನೆಯ ಎಣ್ಣೆಗಳ ಬಗ್ಗೆ ಪ್ರಚಾರ ಜಾಸ್ತಿ, ಪುರಾವೆ ಕಮ್ಮಿ.

ಆದರೆ ಇಲ್ಲಿನ ಕೇರ್ ಹೋಮ್‌ಗಳಿಗೆ ಕೊಡಲಾಗದ್ದೊಂದು ನಮ್ಮ ಮನೆಗಳಲ್ಲಿದೆ. ಅದು ತಾಯ್ನುಡಿ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದುಂಟು. ದಶಕಗಳ ಕಾಲ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರೂ ಮೊದಲ ಭಾಷೆಗೆ ಮರಳುತ್ತಾರೆ. ಸುತ್ತಲೂ ಯಾರಿಗೂ ಕನ್ನಡ ಬಾರದಿದ್ದರೆ ಬಾಯಾರಿಕೆ ಅಂತ ಹೇಗೆ ಹೇಳಬೇಕು? ಅವರ ಕೂಗಾಟವನ್ನು ಕಾಯಿಲೆಯ ಲಕ್ಷಣ ಅಂತ ಬರೆದುಕೊಂಡರೆ ಅನ್ಯಾಯ. ಹೊರನಾಡಿನಲ್ಲಿ ವಯಸ್ಸಾಗುತ್ತಿರುವ ನಮಗೆಲ್ಲ ಇದು ನಾಳೆಯ ಮಾತು.

ಡಿಮೆನ್ಶಿಯಾ ಇರುವವರಿಗೆ ನೆರವಾಗುವ ಇಲ್ಲಿನ ಆಲ್ಝೈಮರ್ಸ್ ಸೊಸೈಟಿ ಎಂಬ ಸಂಸ್ಥೆ 'ದಿಸ್ ಈಸ್ ಮಿ' ಎಂಬ ಫಾರಂ ಕೊಡುತ್ತದೆ. ವ್ಯಕ್ತಿಯ ಇಷ್ಟ, ಅಭ್ಯಾಸ, ಬದುಕಿನ ಕಥೆ, ಯಾವುದರಿಂದ ಕಳವಳ, ಯಾವುದರಿಂದ ಸಮಾಧಾನ ಎಲ್ಲ ಬರೆದಿಡಬಹುದು. ಕನ್ನಡಿಗರು ಅದರ ಜೊತೆ ಇನ್ನೊಂದು ಹಾಳೆ ಸೇರಿಸಿ. ನೀರು, ನೋವು, ಚಳಿ, ಹಸಿವು, ಭಯ ಎಂಬ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಅರ್ಥದ ಸಮೇತ ಬರೆದುಕೊಡಿ. ಊರಲ್ಲಿ ಹೊಸದಾಗಿ ನೋಡಿಕೊಳ್ಳಲು ಬಂದವರಿಗೂ ಇಂಥದ್ದೊಂದು ಹಾಳೆ ಬೇಕು. ಹಿರಿಯರು ತಾವೇ ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಕೂತು ಬರೆಸಿಕೊಳ್ಳಿ.